ಬಾವುಟ ಕಟ್ಟಿದ ಜೀಪು ಸಾಕು, ಜೀಪು ಕಟ್ಟುವ ಕನ್ನಡ ಬೇಕು!

ನವೆಂಬರ್ ಒಂದರಂದು ಜೀಪಿನ ಬಾನೆಟ್ಟಿಗೆ ಅರಿಶಿನ-ಕುಂಕುಮದ ಬಾವುಟ ಬಿಗಿದು, ಊರಿಡೀ ಹಾರ್ನ್ ಒತ್ತುತ್ತಾ ಮೆರವಣಿಗೆ ಹೋಗುವ ಗೆಳೆಯರೇ, ನಿಮಗೊಂದು ಪ್ರಶ್ನೆ. ಆ ಜೀಪಿನ ಬೆನ್ನ ಮೇಲೆ ‘ಫೋರ್ ಬೈ ಫೋರ್’ ಎಂದು ಬರೆದಿದೆಯಲ್ಲ, ಹಾಗೆಂದರೇನು? ಎಂಜಿನ್ನಿನ ಶಕ್ತಿ ನಾಲ್ಕೂ ಗಾಲಿಗೆ ಯಾವ ದಾರಿಯಲ್ಲಿ ಹೋಗುತ್ತದೆ? ಹೋದರೆ ಏನು ಲಾಭ, ಹೋಗದಿದ್ದರೆ ಏನು ನಷ್ಟ? ಕನ್ನಡದಲ್ಲಿ ಹೇಳಿ ನೋಡೋಣ. ಅರ್ಧ ಇಂಗ್ಲಿಷಿನಲ್ಲಿ ಹೇಳಿ ಉಳಿದರ್ಧ ನುಂಗುವಂತಿಲ್ಲ!

ಹೇಳಲಾಗದಿದ್ದರೆ ನಾಚಿಕೆ ಬೇಡ. ನಮ್ಮಲ್ಲಿ ಬಹುಪಾಲು ಜನಕ್ಕೆ ಬರುವುದಿಲ್ಲ. ನಾಮಫಲಕದಲ್ಲಿ ಶೇಕಡಾ ೬೦ರಷ್ಟು ಕನ್ನಡ ಇರಲೇಬೇಕೆಂದು ೨೦೨೪ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಅದಕ್ಕಾಗಿ ಬೀದಿಗಿಳಿದವರಿಗೆ, ಜೈಲು ಕಂಡವರಿಗೆ ನಮಸ್ಕಾರ. ಫಲಕ ಕನ್ನಡವಾಯಿತು, ಸರಿ. ಈಗ ಫಲಕದ ಕೆಳಗಿನ ಬಾಗಿಲು ದಾಟಿ ಒಳಗೆ ಹೋಗಿ. ವರ್ಕ್‌ಶಾಪಿನ ಒಳಗೆ, ಎಂಜಿನ್ನಿನ ಹೊಟ್ಟೆಯೊಳಗೆ, ಕೈಪಿಡಿಯ ಪುಟದೊಳಗೆ ಯಾವ ಭಾಷೆ ಕೂತಿದೆ? ಯಂತ್ರವನ್ನು ಕೊಳ್ಳುವ ಕನ್ನಡ, ಮಾರುವ ಕನ್ನಡ ನಮಗೆ ಚೆನ್ನಾಗಿ ಬಂದಿದೆ. ಯಂತ್ರವನ್ನು ಕಟ್ಟುವ, ಬಿಚ್ಚುವ, ಕೆಟ್ಟರೆ ಬೈದು ರಿಪೇರಿ ಮಾಡುವ ಕನ್ನಡವನ್ನು ಮಾತ್ರ ಹಳ್ಳಿಯ ಮೇಸ್ತ್ರಿಗಳ ಬಾಯಲ್ಲೇ ಬಿಟ್ಟು ನಾವು ಪಟ್ಟಣಕ್ಕೆ ಬಸ್ಸು ಹತ್ತಿದೆವು.

ಅದು ಎಲ್ಲಿದೆ ಎಂದು ನೋಡಬೇಕಾದರೆ ಭಾದ್ರಪದದಲ್ಲಿ ಒಮ್ಮೆ ಗೌರಸಮುದ್ರಕ್ಕೆ ಹೋಗಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕು, ಒಂದು ಕಡೆ ಮೊಳಕಾಲ್ಮೂರು, ಇನ್ನೊಂದು ಕಡೆ ಆಂಧ್ರದ ಗಡಿ. ಮಾರಮ್ಮನ ಊರು. ಊರ ಹೊರಗಿನ ತುಂಬಲಿನಲ್ಲಿ ಜಾತ್ರೆ ನಡೆದಾಗ ಈ ಸೀಮೆಯ ಜನವಲ್ಲದೆ ಗಡಿಯಾಚೆಯವರೂ ಬರುತ್ತಾರೆ. ಕನ್ನಡ ತೆಲುಗು ಎರಡೂ ಒಂದೇ ಬಾಯಲ್ಲಿ ಆಡುವ ಜನ. ಎತ್ತಿನ ಗಾಡಿ, ಟ್ರ್ಯಾಕ್ಟರು, ಲಗೇಜ್ ಆಟೋ, ಬೈಕು, ಎಲ್ಲವೂ ಒಂದೇ ಬಯಲಿಗೆ ಬಂದು ನಿಲ್ಲುತ್ತವೆ. ನೀವು ಹರಕೆ ತೀರಿಸಿ, ಊಟ ಮುಗಿಸಿ, ಸುಮ್ಮನೆ ಆ ಗಾಡಿಗಳ ಮಧ್ಯೆ ಒಂದು ಸುತ್ತು ಹಾಕಿ. ಮನುಷ್ಯ ಗಾಲಿಯ ಜೊತೆ ಸಾವಿರಾರು ವರ್ಷದಿಂದ ನಡೆಸಿಕೊಂಡು ಬಂದ ಮಾತುಕತೆಯೆಲ್ಲ ಅಲ್ಲಿದೆ.

ಎತ್ತಿನ ಗಾಡಿಯಿಂದಲೇ ಶುರುಮಾಡೋಣ. ಅಚ್ಚು, ಗುಂಬ, ಅರ, ಮೂಕಿ, ನೊಗ, ಕಡಾಣಿ, ಕೀಲೆಣ್ಣೆ. ಒಂದಾದರೂ ಇಂಗ್ಲಿಷ್ ಪದ ಬೇಕಾಯಿತೇ? ಅಚ್ಚು ಎಂದರೆ ಎರಡು ಗಾಲಿಗಳನ್ನು ಹೊತ್ತ ಕಂಬಿ. ಗುಂಬ ಎಂದರೆ ಗಾಲಿಯ ಹೊಕ್ಕುಳು. ಗಾಲಿ ಕಳಚಿ ಬೀಳದಂತೆ ಅಚ್ಚಿನ ತುದಿಗೆ ಹೊಡೆಯುವ ಕೀಲು ಕಡಾಣಿ. ಗಮನಿಸಿ: ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ, ಗಾಲಿ ಮಾತ್ರ ತಿರುಗುತ್ತದೆ. ಎಡದ ಗಾಲಿಗೂ ಬಲದ ಗಾಲಿಗೂ ಪರಸ್ಪರ ಋಣವಿಲ್ಲ. ಗಾಡಿ ಎಡಕ್ಕೆ ತಿರುಗಿದಾಗ ಒಳಗಿನ ಗಾಲಿ ಕಡಿಮೆ ಉರುಳುತ್ತದೆ, ಹೊರಗಿನದು ಹೆಚ್ಚು ಉರುಳುತ್ತದೆ, ಯಾರಿಗೂ ತಕರಾರಿಲ್ಲ. ಏಕೆಂದರೆ ಎಳೆಯುವುದು ಎತ್ತು, ಗಾಲಿಯ ಕೆಲಸ ಉರುಳುವುದಷ್ಟೆ.

ಎತ್ತಿನ ಜಾಗಕ್ಕೆ ಎಂಜಿನ್ ಬಂತು, ತಕರಾರೂ ಬಂತು! ಎಂಜಿನ್ನು ಹಗ್ಗ ಕಟ್ಟಿ ಎಳೆಯುವುದಿಲ್ಲ. ಅಚ್ಚನ್ನೇ ತಿರುಗಿಸಿ, ಗಾಲಿಯಿಂದ ನೆಲವನ್ನು ಹಿಂದಕ್ಕೆ ಒದೆಸುತ್ತದೆ. ಎರಡೂ ಗಾಲಿ ಒಂದೇ ಅಚ್ಚಿಗೆ ಬಿಗಿದಿದ್ದರೆ ತಿರುವಿನಲ್ಲಿ ಒಂದು ಗಾಲಿ ನೆಲವನ್ನು ಉಜ್ಜಿಕೊಂಡು ಹೋಗಬೇಕು, ಟೈರು ಸವೆಯಬೇಕು, ಇಲ್ಲ ಅಚ್ಚು ಮುರಿಯಬೇಕು. ಅದಕ್ಕೆ ಅಚ್ಚನ್ನು ನಡುವೆ ಎರಡಾಗಿ ಕತ್ತರಿಸಿ ನಾಲ್ಕು ಹಲ್ಲುಗಾಲಿಗಳ ಪಂಚಾಯ್ತಿ ಕೂರಿಸಿದರು. ಅದೇ ಡಿಫರೆನ್ಷಿಯಲ್. ಒಂದು ಗಾಲಿ ನಿಧಾನವಾದಷ್ಟೂ ಇನ್ನೊಂದನ್ನು ಜೋರು ಮಾಡುತ್ತದೆ, ಬಲವನ್ನು ಮಾತ್ರ ಇಬ್ಬರಿಗೂ ಸಮ ಹಂಚುತ್ತದೆ. ಬಲು ನ್ಯಾಯವಂತ. ಆ ನ್ಯಾಯವೇ ಕೆಸರಿನಲ್ಲಿ ಅನ್ಯಾಯ! ಒಂದು ಗಾಲಿ ಜಾರುವ ರೊಚ್ಚಿನಲ್ಲಿದ್ದರೆ ಅದಕ್ಕೆ ಹಿಡಿತವಿಲ್ಲ, ಬಲ ಬೇಕಿಲ್ಲ. ಅದಕ್ಕೆ ಎಷ್ಟು ಸಾಕೋ ಅಷ್ಟೇ ಬಲ ಗಟ್ಟಿ ನೆಲದ ಮೇಲಿರುವ ಗಾಲಿಗೂ ಸಿಗುತ್ತದೆ. ಒಂದು ಗಾಲಿ ಗಿರಗಿರ ತಿರುಗುತ್ತದೆ, ಇನ್ನೊಂದು ಕೈಕಟ್ಟಿ ನಿಲ್ಲುತ್ತದೆ, ಗಾಡಿ ಅಲ್ಲೇ ಹೂತುಕೊಳ್ಳುತ್ತದೆ. ಮಳೆ ಬಿದ್ದ ಎರೆ ಹೊಲದಲ್ಲಿ, ಮರಳು ತುಂಬಿದ ಹಳ್ಳದಲ್ಲಿ ಇದನ್ನು ನೋಡದ ರೈತನಿಲ್ಲ.

ಇದಕ್ಕೆ ಪರಿಹಾರವೇ ನಾಲ್ಕು ಗಾಲಿಗೂ ಎಂಜಿನ್ನಿನ ಬಲ. ಲೆಕ್ಕ ಬಹಳ ಸರಳ. ಗಾಲಿ ನೆಲವನ್ನು ಎಷ್ಟು ಹಿಡಿಯುತ್ತದೆ ಎಂಬುದು ಅದರ ಮೇಲೆ ಕೂತ ಭಾರದ ಮೇಲೆ ನಿಂತಿದೆ. ೬೦೦ ಕಿಲೋ ಗಾಡಿ, ಭಾರ ನಾಲ್ಕು ಗಾಲಿಗೂ ಸಮ ಹಂಚಿದೆ, ಹೊಲದ ನೆಲ ಭಾರದ ಅರ್ಧದಷ್ಟು ಹಿಡಿತ ಕೊಡುತ್ತದೆ ಎಂದಿಟ್ಟುಕೊಳ್ಳಿ. ಹಿಂದಿನ ಎರಡು ಗಾಲಿ ಮಾತ್ರ ದುಡಿದರೆ ೩೦೦ ಕಿಲೋ ಭಾರದ ಅರ್ಧ, ಅಂದರೆ ೧೫೦ ಕಿಲೋ ತೂಕದಷ್ಟು ಎಳೆತ. ನಾಲ್ಕೂ ದುಡಿದರೆ ೩೦೦. ಎಂಜಿನ್ ಅದೇ, ಎಣ್ಣೆ ಅದೇ, ಎಳೆತ ಎರಡು ಪಟ್ಟು. ಮುಂದಿನ ಗಾಲಿಗಳು ಇಷ್ಟು ದಿನ ಸುಮ್ಮನೆ ಸವಾರಿ ಮಾಡುತ್ತಿದ್ದವು!

ನೋಡಿದಿರಾ? ಹೇಳಿಬಿಟ್ಟೆವು. ಆಕಾಶವೇನೂ ಕಳಚಿ ಬೀಳಲಿಲ್ಲ.

ಇನ್ನು ಇಂಥ ಗಾಡಿಯನ್ನು ಮನೆಯಲ್ಲಿ ಕಟ್ಟಬಹುದೇ? ಅಮೆರಿಕದಲ್ಲಿ ಕಟ್ಟುತ್ತಾರೆ. ಅಲ್ಲಿ ಹಿತ್ತಲಿನ ಹುಲ್ಲು ಕತ್ತರಿಸಲು, ತೋಟ ಉಳಲು ಪುಟ್ಟ ಟ್ರ್ಯಾಕ್ಟರುಗಳಿವೆ. ನಮ್ಮ ಆಟೋಗಿಂತ ದೊಡ್ಡವಲ್ಲ. ಹಳೆಯದಾದ ಎರಡನ್ನು ಗುಜರಿಯಲ್ಲಿ ಕೊಂಡು, ಎರಡರ ಹಿಂಭಾಗವನ್ನೂ ಕತ್ತರಿಸಿ, ಒಂದನ್ನು ಮುಂದೆ ಒಂದನ್ನು ಹಿಂದೆ ಇಟ್ಟು ನಾಲ್ಕು ಗಾಲಿಯೂ ಎಳೆಯುವ ಗಾಡಿ ಮಾಡುವ ಹವ್ಯಾಸಿಗಳು ಅಲ್ಲಿ ಬೇಕಾದಷ್ಟಿದ್ದಾರೆ. ಆ ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಗೇರುಪೆಟ್ಟಿಗೆ, ಡಿಫರೆನ್ಷಿಯಲ್, ಅಚ್ಚು ಮೂರೂ ಒಂದೇ ಕವಚದಲ್ಲಿರುತ್ತವೆ. ಹಾಗಾಗಿ ಕೆಲಸ ಸುಲಭ, ಎಡವಟ್ಟೂ ಸುಲಭ. ಮುಂದಿನದನ್ನು ಹಿಂದುಮುಂದಾಗಿ ಕೂರಿಸಿದರೆ ಅದು ಹಿಂದಕ್ಕೆ ಓಡಲು ನೋಡುತ್ತದೆ, ಹಿಂದಿನದು ಮುಂದಕ್ಕೆ. ಎರಡೂ ಜೋರಾಗಿ ದುಡಿಯುತ್ತವೆ, ಹೊಗೆ ಬರುತ್ತದೆ, ಸದ್ದು ಬರುತ್ತದೆ, ಗಾಡಿ ಒಂದಿಂಚು ಕದಲುವುದಿಲ್ಲ. (ನಮ್ಮ ಕೆಲವು ಕನ್ನಡ ಸಂಘಟನೆಗಳ ನೆನಪಾದರೆ ನಾನು ಹೊಣೆಯಲ್ಲ.) ಬೆಲ್ಟನ್ನು ತಿರುಚಿ ಹಾಕಿಯೋ, ನಡುವೆ ಒಂದು ಹಲ್ಲುಗಾಲಿ ಹೆಚ್ಚಿಗೆ ಕೊಟ್ಟೋ ಒಂದರ ತಿರುಗುವ ದಿಕ್ಕನ್ನು ಬದಲಿಸಬೇಕು. ಎರಡರ ಗೇರಿನ ಅನುಪಾತ ಒಂದೇ ಇರಬೇಕು, ನಾಲ್ಕು ಟೈರೂ ಒಂದೇ ಅಳತೆಯವಾಗಿರಬೇಕು. ಇಲ್ಲದಿದ್ದರೆ ಮುಂದಿನದು ಹಿಂದಿನದನ್ನು ಎಳೆದಾಡುತ್ತದೆ.

ಇನ್ನೊಂದು ಚಮತ್ಕಾರವಿದೆ. ಕಾರ್ಖಾನೆಯ ಜೀಪಿನಲ್ಲಿ ಮುಂದಿನ ಗಾಲಿ ತಿರುಗಲೂ ಬೇಕು, ಎಡಬಲಕ್ಕೆ ಹೊರಳಲೂ ಬೇಕು. ಅದಕ್ಕೆ ಬೇಕಾದ ನವಿರಾದ ಕೀಲು ಹಳ್ಳಿಯ ಕುಲುಮೆಯಲ್ಲಿ ಆಗುವ ಕೆಲಸವಲ್ಲ. ಮನೆಯಲ್ಲಿ ಕಟ್ಟುವವನು ಗಾಲಿಯನ್ನು ಹೊರಳಿಸುವ ಗೋಜಿಗೇ ಹೋಗುವುದಿಲ್ಲ, ಗಾಡಿಯ ಸೊಂಟವನ್ನೇ ಮುರಿಯುತ್ತಾನೆ! ಗಾಡಿ ಎರಡು ತುಂಡು, ನಡುವೆ ಒಂದು ನೆಟ್ಟನೆಯ ಗೂಟದಂಥ ಕೀಲು. ಮುಂದಿನ ತುಂಡು ಎಡಕ್ಕೆ ಹೊರಳಿದರೆ ಹಿಂದಿನದು ಅದರ ಬೆನ್ನು ಹತ್ತುತ್ತದೆ, ಟ್ರೇಲರಿನ ಹಾಗೆ. ಉದ್ದುದ್ದಕ್ಕೆ ಇನ್ನೊಂದು ಕೀಲು ಕೊಟ್ಟರೆ ಮುಂದಿನ ತುಂಡು ಬದುವಿನ ಮೇಲೆ ಓರೆಯಾಗಿದ್ದರೂ ಹಿಂದಿನದು ಸಪಾಟಾಗಿ ನಿಂತು ನಾಲ್ಕೂ ಗಾಲಿ ನೆಲ ಬಿಡುವುದಿಲ್ಲ. ಎರಡು ಕೀಲು, ಅಷ್ಟೆ. ಮೂಕಿ, ನೊಗ ಕೂರಿಸಬಲ್ಲ ಬಡಗಿಗೆ, ಟ್ರೇಲರಿನ ಕೊಂಡಿ ಬೆಸೆಯಬಲ್ಲ ವೆಲ್ಡರಿಗೆ ಇದನ್ನು ವಿವರಿಸಲು ಐದು ನಿಮಿಷ ಸಾಕು.

ಎಂಜಿನ್ ಎಷ್ಟು ದೊಡ್ಡದು ಬೇಕು? ೧೦ ಕುದುರೆ ಶಕ್ತಿ ಧಾರಾಳ. ಗಂಟೆಗೆ ೫ ಕಿ.ಮೀ. ವೇಗದಲ್ಲಿ, ಎತ್ತಿನ ನಡಿಗೆಗಿಂತ ತುಸು ಜೋರಾಗಿ ಹೋಗುವಾಗ, ೧೦ ಕುದುರೆಯ ಪೂರ್ತಿ ಶಕ್ತಿ ಸುಮಾರು ೫೪೦ ಕಿಲೋ ತೂಕದ ಎಳೆತಕ್ಕೆ ಸಮ. ಗೇರು ಬೆಲ್ಟುಗಳಲ್ಲಿ ಮೂರರಲ್ಲೊಂದು ಪಾಲು ಸೋರಿದರೂ ೩೬೦ ಉಳಿಯುತ್ತದೆ. ನಮ್ಮ ೬೦೦ ಕಿಲೋ ಗಾಡಿಗೆ ಹೊಲ ಹಿಡಿತ ಕೊಡುವುದೇ ೩೦೦ರಷ್ಟು. ಅದಕ್ಕಿಂತ ದೊಡ್ಡ ಎಂಜಿನ್ ಹಾಕಿದರೆ ಗಾಲಿ ಜಾರುತ್ತದೆ, ಜಂಬ ಹೆಚ್ಚುತ್ತದೆ!

ಹಿತ್ತಲ ಟ್ರ್ಯಾಕ್ಟರು ನಮ್ಮಲ್ಲಿ ಎಲ್ಲಿದೆ ಎನ್ನುತ್ತೀರಾ? ನಮಗೆ ಪವರ್ ಟಿಲ್ಲರ್ ಇದೆ. ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ೧೯೬೭ರಲ್ಲಿ ಹುಟ್ಟಿದ ವಿ.ಎಸ್.ಟಿ. ಕಂಪನಿ ಬೆಂಗಳೂರಿನದೇ. ೧೩ ಕುದುರೆ ಶಕ್ತಿಯ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್, ಮುಂದಕ್ಕೆ ೬ ಗೇರು, ಹಿಂದಕ್ಕೆ ೨. ಗದ್ದೆ ಉಳುತ್ತದೆ, ಪಂಪು ಓಡಿಸುತ್ತದೆ, ಹಿಂದೆ ಟ್ರೇಲರ್ ಕಟ್ಟಿದರೆ ಮದುವೆ ದಿಬ್ಬಣವನ್ನೂ ಹೊರುತ್ತದೆ. ಟಿಲ್ಲರಿನಲ್ಲಿ ಡಿಫರೆನ್ಷಿಯಲ್ ಇಲ್ಲ. ಎಡಬಲಕ್ಕೆ ಒಂದೊಂದು ಕ್ಲಚ್ ಹಿಡಿ. ಎಡದ್ದನ್ನು ಒತ್ತಿದರೆ ಎಡಗಾಲಿಯ ಬಲ ಕಡಿದು ಗಾಡಿ ಎಡಕ್ಕೆ ತಿರುಗುತ್ತದೆ. ಆದರೆ ಟ್ರೇಲರಿನ ಭಾರ ಬೆನ್ನ ಮೇಲೆ ಬಿದ್ದ ಇಳಿಜಾರಿನಲ್ಲಿ? ಅಲ್ಲಿ ಎಂಜಿನ್ನು ಗಾಲಿಗಳನ್ನು ತಡೆದು ಹಿಡಿದಿರುತ್ತದೆ. ಎಡದ ಹಿಡಿ ಒತ್ತಿದೊಡನೆ ಎಡಗಾಲಿ ತಡೆ ತಪ್ಪಿ ಓಡುತ್ತದೆ, ಬಲಗಾಲಿ ತಡೆಯಲ್ಲೇ ಇರುತ್ತದೆ, ಗಾಡಿ ಬಲಕ್ಕೆ ನುಗ್ಗುತ್ತದೆ! ಹೊಸಬ ಎಡಕ್ಕೆಂದು ಒತ್ತಿ ಬಲದ ಹಳ್ಳಕ್ಕೆ ಬೀಳುತ್ತಾನೆ. ಈ ಒಂದು ಮಾತನ್ನು ಅರ್ಥವಾಗುವ ಭಾಷೆಯಲ್ಲಿ ಮುಂಚೆಯೇ ಹೇಳಿಸಿಕೊಂಡವನು ಕೈಕಾಲು ಉಳಿಸಿಕೊಳ್ಳುತ್ತಾನೆ. ಕನ್ನಡ ಅನ್ನ ಕೊಡುತ್ತದೆಯೇ ಎಂದು ಕೇಳುವವರಿದ್ದಾರಲ್ಲ, ಅವರಿಗೆ ಇದನ್ನು ತೋರಿಸಿ. ಅನ್ನದ ಮಾತು ಹಾಗಿರಲಿ ಸ್ವಾಮಿ, ಇದು ಪ್ರಾಣದ ಮಾತು.

ಕಟ್ಟಿದವನೇ ಹೆಸರಿಡುತ್ತಾನೆ ಎಂಬುದು ಲೋಕದ ರೂಢಿ. ಪಂಪ್‌ಸೆಟ್ಟಿನ ಎಂಜಿನ್ನನ್ನು ಗಾಡಿಗೆ ಕೂರಿಸಿ ಉತ್ತರದವರು ‘ಜುಗಾಡ್’ ಎಂದರು. ಫಿಲಿಪ್ಪೀನ್ಸಿನ ರೈತ ತನ್ನ ಟಿಲ್ಲರಿಗೆ ಟ್ರೇಲರ್ ಕಟ್ಟಿ ಅದಕ್ಕೆ ‘ಕುಲಿಗ್ಲಿಗ್’ ಎಂದ. ಅವನ ಭಾಷೆಯಲ್ಲಿ ಹಾಗೆಂದರೆ ಜೀರುಂಡೆ, ಸದ್ದು ಕೇಳಿ ಇಟ್ಟ ಹೆಸರು. ಥಾಯ್ಲೆಂಡಿನ ಹಳ್ಳಿಯ ವರ್ಕ್‌ಶಾಪುಗಳು ಕಟ್ಟುವ ಹೊಲದ ಗಾಡಿ ‘ಈ-ತೇನ್’. ನಮ್ಮಲ್ಲೂ ಒಂದು ಉದಾಹರಣೆ ಇದೆ, ನೀವು ಎದೆಯುಬ್ಬಿಸಿ ಹೇಳುವಂಥದ್ದು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ. ಕಾಲೇಜಿನ ಮೆಟ್ಟಿಲು ಹತ್ತದ ರೈತ. ಬೆಳಗಿನ ಜಾವ ಎಚ್ಚರವಾಗುವುದಿಲ್ಲವೆಂದು ಗಡಿಯಾರಕ್ಕೆ ದಾರ ಕಟ್ಟಿ, ಹೊತ್ತಿಗೆ ಸರಿಯಾಗಿ ಮುಖದ ಮೇಲೆ ನೀರು ಸುರಿಯುವ ಉಪಾಯ ಮಾಡಿಕೊಂಡ ಮನುಷ್ಯ! ಹುಣಸೆಹಣ್ಣಿನ ಬೀಜ ಬೇರ್ಪಡಿಸುವ ಯಂತ್ರ, ಕಬ್ಬು ನೆಡುವ ಯಂತ್ರ, ಟ್ರ್ಯಾಕ್ಟರಿನ ಹಿಂದೆ ಓಡುತ್ತಾ ಬೀಜ ಗೊಬ್ಬರ ಒಟ್ಟಿಗೆ ಬಿತ್ತುವ ಯಂತ್ರ. ೨೦೧೫ರಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಿತು, ೨೦೨೨ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿಗಿಂತ ದೊಡ್ಡದು ಬೇರೆ ಇದೆ. ಆ ಬಿತ್ತುವ ಯಂತ್ರವನ್ನು ಉತ್ತರ ಕರ್ನಾಟಕದ ರೈತರು ಏನೆಂದು ಕರೆಯುತ್ತಾರೆ ಗೊತ್ತೇ? ‘ನಡಕಟ್ಟಿನ ಕೂರಿಗೆ’. ಎತ್ತು ಎಳೆಯುತ್ತಿದ್ದ ಕೂರಿಗೆ ಟ್ರ್ಯಾಕ್ಟರಿಗೆ ಬಂದರೂ ಕೂರಿಗೆಯಾಗಿಯೇ ಉಳಿಯಿತು. ಯಾವ ಪರಿಭಾಷಾ ಸಮಿತಿಯೂ ಕೂರಲಿಲ್ಲ, ಯಾವ ಸುತ್ತೋಲೆಯೂ ಹೊರಡಲಿಲ್ಲ.

ಪರಿಭಾಷೆಯ ಬಗ್ಗೆ ಒಂದು ಮಾತು. ಡಿಫರೆನ್ಷಿಯಲ್ಲಿಗೆ ಸಂಸ್ಕೃತದ ಮೂಟೆಯಿಂದ ಎಂಟಕ್ಷರದ ಪದ ಹುಡುಕಿ ತರುವ ಪಂಡಿತರಿಗೆ ನನ್ನ ಮತವಿಲ್ಲ. ಗೇರು, ಕ್ಲಚ್ಚು, ಬೆಲ್ಟು, ಬೇರಿಂಗು ಎಲ್ಲ ನಮ್ಮವೇ ಆಗಿವೆ, ಚಳ್ಳಕೆರೆಯ ಮೆಕ್ಯಾನಿಕ್ಕು ಅವಕ್ಕೆ ಉಕಾರ ಸೇರಿಸಿ ಎಂದೋ ಪೌರತ್ವ ಕೊಟ್ಟಾಗಿದೆ. ಪದ ಎಲ್ಲಿಂದಲಾದರೂ ಬರಲಿ, ವಾಕ್ಯ ಕನ್ನಡದ್ದಾಗಿರಲಿ. ಯಾಕೆ, ಹೇಗೆ, ಎಷ್ಟು ಎಂಬುದು ಕನ್ನಡದಲ್ಲಿರಲಿ.

ಈಗ ಕಾನೂನಿನ ಬಾಗಿಲಿಗೆ ಬರೋಣ. ಬಾಗಿಲು ಮುಚ್ಚಿದೆ. ಜುಗಾಡ್ ಗಾಡಿಯೂ ಮೋಟಾರು ವಾಹನವೇ, ನೋಂದಣಿ, ವಿಮೆ, ಪರವಾನಗಿ ಇಲ್ಲದೆ ರಸ್ತೆಗೆ ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟು ೨೦೧೩ರಲ್ಲಿ ಹೇಳಿತು. ಹೇಳಿದ್ದು ಸರಿಯಾಗಿಯೇ ಇದೆ. ಬ್ರೇಕಿಲ್ಲದ, ವಿಮೆಯಿಲ್ಲದ ಗಾಡಿ ಹಾಯ್ದು ಸತ್ತವನ ಮನೆಯವರಿಗೆ ಪರಿಹಾರ ಎಲ್ಲಿಂದ ಬರಬೇಕು? ನಮ್ಮ ತಕರಾರು ಬೇರೆ. ಬಾಗಿಲು ಮುಚ್ಚಿದ ಸರ್ಕಾರ ಪಕ್ಕದಲ್ಲೊಂದು ಕಿಟಕಿಯನ್ನಾದರೂ ತೆರೆಯಬೇಕಿತ್ತು. ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ ಕತೆ ನಿಮಗೆ ನೆನಪಿರಬಹುದು. ಅಲ್ಲಿಯ ದತ್ತಾತ್ರಯ ಲೋಹಾರ್ ಎಂಬ ಕಮ್ಮಾರ ಮಗನ ಆಸೆಗೆ ಗುಜರಿ ಸಾಮಾನಿನಿಂದ ಜೀಪಿನಂಥ ಪುಟ್ಟ ಗಾಡಿ ಕಟ್ಟಿದರು. ಬೈಕಿನ ಹಾಗೆ ಕಾಲಿನಿಂದ ಒದ್ದು ಸ್ಟಾರ್ಟ್ ಮಾಡುವ ಗಾಡಿ, ಖರ್ಚು ಸುಮಾರು ೬೦ ಸಾವಿರ. ೨೦೨೧ರ ಡಿಸೆಂಬರಿನಲ್ಲಿ ಆ ಚಿತ್ರ ನೋಡಿದ ಆನಂದ್ ಮಹೀಂದ್ರಾ, ಇದು ನಿಯಮಕ್ಕೆ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ, ಇದನ್ನು ನಮಗೆ ಕೊಡಿ, ಬದಲಿಗೆ ಬೊಲೆರೊ ಕೊಡುತ್ತೇವೆ ಎಂದರು. ೨೦೨೨ರ ಜನವರಿಯಲ್ಲಿ ಬೊಲೆರೊ ಬಂತು. ದೇಶವೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆದರೆ ಯೋಚಿಸಿ. ಕಟ್ಟಿದ ಗಾಡಿ ಪ್ರದರ್ಶನದ ವಸ್ತುವಾಯಿತು, ಕಟ್ಟಿದವನು ಕೊಂಡ ಗಾಡಿ ಓಡಿಸುವವನಾದ. ಒಬ್ಬ ಉದ್ಯಮಿಯ ಒಳ್ಳೆಯ ಮನಸ್ಸು ಒಬ್ಬ ಲೋಹಾರನಿಗೆ ಸಿಕ್ಕಿತು. ಉಳಿದ ಲೋಹಾರರಿಗೆ, ಕಮ್ಮಾರರಿಗೆ, ಬಡಗಿಗಳಿಗೆ ಏನು? ಬ್ರಿಟನ್ನಿನಲ್ಲಿ ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನು ಸರ್ಕಾರದ ಪರೀಕ್ಷಕರ ಮುಂದೆ ತಂದು ನಿಲ್ಲಿಸಬಹುದು. ಬ್ರೇಕು, ದೀಪ, ಸೀಟುಬೆಲ್ಟು, ಹೊಗೆ, ಚೂಪು ಅಂಚು ಎಲ್ಲ ಪರೀಕ್ಷಿಸಿ, ಪಾಸಾದರೆ ರಸ್ತೆಗೆ ಬಿಡುತ್ತಾರೆ. ನಮ್ಮಲ್ಲಿಯ ಮಾದರಿ ಪರೀಕ್ಷೆಯ ವ್ಯವಸ್ಥೆಯೆಲ್ಲ ಸಾವಿರಗಟ್ಟಲೆ ತಯಾರಿಸುವ ಕಂಪನಿಗಳ ಅಳತೆಗೆ ಹೊಲಿದದ್ದು. ಮೋಟಾರು ವಾಹನ ಕಾಯ್ದೆ ಕೇಂದ್ರದ್ದು, ನಿಜ. ಕೇಂದ್ರಕ್ಕೆ ಹೋಗಿ ಕೇಳುವ ಸಂಸದರು ನಮ್ಮ ರಾಜ್ಯದಿಂದ ೨೮ ಮಂದಿ ಲೋಕಸಭೆಯಲ್ಲಿದ್ದಾರೆ, ಅದೂ ನಿಜ. ಊರೊಳಗೆ, ಗಂಟೆಗೆ ಇಷ್ಟೇ ವೇಗ, ಹೊಲದ ಕೆಲಸಕ್ಕೆ ಮಾತ್ರ ಎಂದು ಕಟ್ಟುಪಾಡು ಹಾಕಿ ಜಿಲ್ಲೆಯಲ್ಲೇ ಪರೀಕ್ಷೆ ಮಾಡಿ ಎಂದು ಒಬ್ಬರಾದರೂ ಬಾಯಿ ಬಿಡಲಿ.

ಚಳ್ಳಕೆರೆಯ ಹೆಸರು ಬಂದಾಗ ಇನ್ನೊಂದು ಮಾತು ಹೇಳದೆ ಇರಲಾರೆ. ಈ ಸೀಮೆಯ ಅಮೃತಮಹಲ್ ಕಾವಲುಗಳು ಗೊತ್ತಲ್ಲ? ಹೈದರ್, ಟಿಪ್ಪು ಕಾಲದಲ್ಲಿ ಫಿರಂಗ ಎಳೆದ ದನಗಳ ತಳಿಯನ್ನು ಮೇಯಿಸಿ ಕಾಪಾಡಿದ ಹುಲ್ಲುಗಾವಲು. ಆ ಎತ್ತುಗಳು ಅಂದಿನ ಸೈನ್ಯದ ಜೀಪು, ನಾಲ್ಕು ಕಾಲಿನ ಡ್ರೈವು! ಆ ಕಾವಲಿನಲ್ಲೇ ಈಗ ಕುದಾಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು ೧,೫೦೦ ಎಕರೆ, ವರವು ಕಾವಲಿನಲ್ಲಿ ಡಿ.ಆರ್.ಡಿ.ಒ.ಗೆ ೪,೦೦೦ ಎಕರೆಗೂ ಹೆಚ್ಚು, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಇಸ್ರೋಗೆ ಬೇರೆ ಬೇರೆ. ಕುರಿ ದನ ಮೇಯಿಸುತ್ತಿದ್ದವರ ಅಳಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ೨೦೨೩ರ ಏಪ್ರಿಲ್ ೨ರಂದು ಅದೇ ಡಿ.ಆರ್.ಡಿ.ಒ. ರನ್‌ವೇಗೆ, ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟ ಇಸ್ರೋದ ರೆಕ್ಕೆಯ ನೌಕೆ ಚಾಲಕನಿಲ್ಲದೆ ತಾನೇ ದಾರಿ ಹುಡುಕಿ ಬಂದಿಳಿಯಿತು. ನಮ್ಮ ನೆಲದಲ್ಲಿ ಇದಾಯಿತೆಂದು ಹೆಮ್ಮೆ ಪಡೋಣ. ಜೊತೆಗೆ ಕೇಳೋಣ: ಬೇಲಿಯ ಒಳಗೆ ಆಕಾಶದಿಂದ ಗಾಡಿ ತಾನೇ ಇಳಿಯುತ್ತದೆ, ಬೇಲಿಯ ಹೊರಗೆ ಶೇಂಗಾ ತುಂಬಿದ ಗಾಡಿ ಹಳ್ಳ ಹತ್ತುವುದಿಲ್ಲ. ನಡುವೆ ಎಷ್ಟು ದೂರ? ಕುದಾಪುರದಲ್ಲಿ ವಿಜ್ಞಾನ ಸಂಸ್ಥೆ ಶಾಲಾ ಶಿಕ್ಷಕರಿಗೆ ತರಬೇತಿ ನಡೆಸಿಕೊಂಡು ಬಂದಿದೆ, ಒಳ್ಳೆಯ ಕೆಲಸ. ಅದರ ಪಕ್ಕದಲ್ಲೇ ಲೇತು, ವೆಲ್ಡಿಂಗು, ಎಳೆತ ಅಳೆಯುವ ಒಂದು ಸಾಧನ ಇರುವ ತೆರೆದ ಷೆಡ್ ಹಾಕಲಿ. ಚಳ್ಳಕೆರೆ, ಮೊಳಕಾಲ್ಮೂರಿನ ಮೆಕ್ಯಾನಿಕ್ಕು ಅಲ್ಲಿಗೆ ಹೋಗಿ ‘ಸಾರ್, ಈ ಅಚ್ಚು ಯಾಕೆ ಮುರೀತು?’ ಎಂದು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಸಿಗಲಿ. ಸಾವಿರಾರು ಎಕರೆ ಕೊಟ್ಟ ಜನಕ್ಕೆ ಒಂದು ಷೆಡ್ಡಿನ ಬಾಡಿಗೆ ದುಬಾರಿಯೇ?

ಎಂಜಿನಿಯರಿಂಗನ್ನೇ ಕನ್ನಡದಲ್ಲಿ ಕಲಿಸಬಹುದೆಂದು ೨೦೨೧ರಲ್ಲಿ ಅನುಮತಿ ಬಂತು. ಭಾಲ್ಕಿಯ ಕಾಲೇಜು ಸೇರಿದಂತೆ ಕೆಲವರು ಮುಂದೆ ಬಂದರು. ಸೇರುವ ವಿದ್ಯಾರ್ಥಿಗಳೇ ಸಾಲಲಿಲ್ಲ. ‘ನೋಡಿದಿರಾ, ಕನ್ನಡಿಗರಿಗೇ ಕನ್ನಡ ಬೇಡ’ ಎಂದು ನಕ್ಕವರು ನಕ್ಕರು. ಆ ಹುಡುಗರನ್ನು ನಾನು ಬೈಯುವುದಿಲ್ಲ. ಮುಂದೆ ಕೆಲಸ ಕೊಡುವವನು ಇಂಗ್ಲಿಷಿನಲ್ಲಿ ಕೇಳುತ್ತಾನೆ, ಓದಲು ಕನ್ನಡದ ಪುಸ್ತಕ ನಾಲ್ಕಿಲ್ಲ, ನಾಲ್ಕು ವರ್ಷ ಪಣಕ್ಕಿಡು ಎಂದರೆ ಯಾರ ಮಗ ಇಡುತ್ತಾನೆ? ಮನೆಯನ್ನು ಸೂರಿನಿಂದ ಶುರುಮಾಡಿದರು, ಅದಕ್ಕೇ ಬಿತ್ತು. ೧೯೧೮ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. ಅಂದಿಗೆ ಪರಿಭಾಷೆಯೂ ಇರಲಿಲ್ಲ, ಓದುಗರೂ ಇರಲಿಲ್ಲ. ಅವರು ಅನುಮತಿಗೆ ಕಾಯಲಿಲ್ಲ, ಬರೆದರು.

ಆದ್ದರಿಂದ ನಿಮ್ಮನ್ನು ಕೇಳುವುದು ಸಣ್ಣ ಕೆಲಸ, ಆದರೆ ನೀವೇ ಮಾಡಬೇಕಾದ ಕೆಲಸ. ನಿಮ್ಮಲ್ಲಿ ಎಷ್ಟೋ ಜನ ಎಂಜಿನಿಯರಿಂಗ್ ಕಾಲೇಜಿನವರು. ‘ಬಾಹಾ’ ಸ್ಪರ್ಧೆ ನಿಮಗೆ ಗೊತ್ತು. ೧೯೭೬ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ೨೦೦೭ರಿಂದ ನಮ್ಮ ದೇಶದಲ್ಲೂ ನಡೆಯುತ್ತಿದೆ. ವಿದ್ಯಾರ್ಥಿಗಳೇ ಪೈಪು ಬಗ್ಗಿಸಿ, ಬೆಸೆದು, ಗುಂಡಿಗುದ್ರದಲ್ಲಿ ಓಡುವ ಗಾಡಿ ಕಟ್ಟಬೇಕು. ಅದಕ್ಕೆ ವರ್ಷಗಟ್ಟಲೆ ಬಳಸಿದ ಎಂಜಿನ್ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯದು. ೧೦ ಕುದುರೆ ಶಕ್ತಿ, ೩೦೫ ಸಿ.ಸಿ. ಆ ಕಂಪನಿ ಮನೆಮಾತಾದದ್ದೇ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನುಗಳಿಂದ! ಅಮೆರಿಕದ ಸ್ಪರ್ಧೆಯಲ್ಲಂತೂ ೨೦೨೩ರಿಂದ ನಾಲ್ಕು ಗಾಲಿಗೂ ಬಲ ಕೊಡುವುದು ಕಡ್ಡಾಯ. ಅಂದರೆ ಈ ವಿದ್ಯೆ ನಿಮ್ಮ ಕೈಯಲ್ಲಿದೆ. ನೀವು ಕಟ್ಟುತ್ತೀರಿ, ಇಂಗ್ಲಿಷಿನಲ್ಲಿ ವರದಿ ಬರೆಯುತ್ತೀರಿ, ತೀರ್ಪುಗಾರರ ಮುಂದೆ ಇಂಗ್ಲಿಷಿನಲ್ಲಿ ವಾದಿಸುತ್ತೀರಿ. ಮಾಡಿ, ಬೇಡವೆಂದವರಾರು? ಸ್ಪರ್ಧೆ ಮುಗಿದ ಮೇಲೆ ಅದೇ ವರದಿಯನ್ನು ಪಕ್ಕಕ್ಕಿಟ್ಟು ೩೨ ಪುಟದ ಒಂದು ಕನ್ನಡ ಪುಸ್ತಿಕೆ ಬರೆಯಿರಿ. ಭಾಷಾಂತರ ಬೇಡ. ಗುಜರಿಯ ಮಿನಿ ಟ್ರ್ಯಾಕ್ಟರು, ಟಿಲ್ಲರ್ ಭಾಗಗಳನ್ನು ಮುಂದಿಟ್ಟುಕೊಂಡು ಕೂತ ಒಬ್ಬ ಹಳ್ಳಿಯ ವೆಲ್ಡರಿಗೆ ಹೇಳಿದ ಹಾಗೆ ಬರೆಯಿರಿ. ಬರೆಯುವ ಮೊದಲು ಬೇಸಿಗೆ ರಜೆಯಲ್ಲಿ ಹದಿನೈದು ದಿನ ಚಳ್ಳಕೆರೆಯಲ್ಲೋ ಅಣ್ಣಿಗೇರಿಯಲ್ಲೋ ಒಂದು ವರ್ಕ್‌ಶಾಪಿನಲ್ಲಿ ಕೈ ಕಪ್ಪು ಮಾಡಿಕೊಳ್ಳಿ. ಯಾವ ಭಾಗಕ್ಕೆ ಅಲ್ಲಿ ಏನು ಹೆಸರು ಎಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಕರಡನ್ನು ಅದೇ ಮೆಕ್ಯಾನಿಕ್ಕಿಗೆ ಓದಿ ಹೇಳಿ. ಅವನು ‘ಹಂಗಲ್ಲ ಕಣಪ್ಪ’ ಎಂದ ಕಡೆ ಹೊಡೆದು ಹಾಕಿ.

ಹೊಸ ಟಿಲ್ಲರೋ ಟ್ರ್ಯಾಕ್ಟರೋ ಕೊಳ್ಳುವ ನಂಟರ ಜೊತೆ ಷೋರೂಮಿಗೆ ಹೋದಾಗ, ಸಹಿ ಹಾಕುವ ಮುಂಚೆ, ಕನ್ನಡದ ಕೈಪಿಡಿ ಕೊಡಿ ಎಂದು ಕೇಳಿ. ಕೊಟ್ಟರೆ ಅಲ್ಲೇ ನಿಂತು ಎರಡು ಪುಟ ಓದಿ, ಅರ್ಥವಾಗದಿದ್ದರೆ ಅರ್ಥವಾಗುವ ಕನ್ನಡದಲ್ಲಿ ಕೊಡಿ ಎನ್ನಿ. ಗಲಾಟೆ ಬೇಡ. ಗಿರಾಕಿ ಕೇಳಿದ್ದನ್ನು ಕಂಪನಿಗಳು ಬೇಗ ಕಲಿಯುತ್ತವೆ.

ಪುಸ್ತಿಕೆಯ ವಿಚಾರದಲ್ಲಿ ಒಂದೇ ಒಂದು ಷರತ್ತು. ಮೊದಲ ಅಧ್ಯಾಯ ಎಂಜಿನ್ನಿನದಾಗಬಾರದು, ಬ್ರೇಕಿನದಾಗಬೇಕು. ಎರಡನೆಯದು ಬೆಲ್ಟಿಗೆ ಹಾಕುವ ತಗಡಿನ ಮುಚ್ಚಳದ್ದು, ಪಂಚೆ ಸೀರೆ ಸಿಕ್ಕಿಕೊಳ್ಳದ ಹಾಗೆ. ಮೂರನೆಯದು ಸೊಂಟದ ಕೀಲಿನದು, ಗಾಡಿ ಮಡಚಿಕೊಂಡಾಗ ಕಾಲು ಎಲ್ಲಿಡಬಾರದು ಎಂಬುದು ಚಿತ್ರ ಸಮೇತ. ನಾಲ್ಕು ಗಾಲಿಯೂ ಒಟ್ಟಿಗೆ ಎಳೆಯುವಾಗ ಗಟ್ಟಿ ಟಾರು ರಸ್ತೆಯ ತಿರುವಿನಲ್ಲಿ ಅಚ್ಚುಗಳು ಬಿಗಿದುಕೊಳ್ಳುತ್ತವೆ, ಅಲ್ಲಿ ಮುಂದಿನದನ್ನು ಬಿಡಿಸಿ ಹಿಂದಿನ ಎರಡರಲ್ಲೇ ಓಡಿಸಬೇಕು ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ. ಎಂಜಿನ್ನು ಆಮೇಲೆ. ಅಚ್ಚು ಹಾಕಿಸಿದ ಮೇಲೆ ನೂರು ಪ್ರತಿ ತೆಗೆದುಕೊಂಡು ಭಾದ್ರಪದದಲ್ಲಿ ಗೌರಸಮುದ್ರಕ್ಕೆ ಬನ್ನಿ, ತುಂಬಲಿನಲ್ಲಿ ಟ್ರ್ಯಾಕ್ಟರುಗಳು ನಿಲ್ಲುವ ಕಡೆ. ಹತ್ತು ರೂಪಾಯಿಗೆ ಒಂದರಂತೆ ಮಾರಿ. ಪುಕ್ಕಟೆ ಕೊಡಬೇಡಿ, ಪುಕ್ಕಟೆ ಕೊಟ್ಟರೆ ಅದರಲ್ಲಿ ಮಂಡಕ್ಕಿ ಕಟ್ಟುತ್ತಾರೆ.